ಗಳ ಸೀಳಿ ಗಾಳದ ಕೋಲು

"ಇರುವ ಒಂದು ಬಿದಿರನ್ನು ಸೀಳಿ ಆರು ಮಾಡುತ್ತೀಯ. ಆಮೇಲೆ ಆ ಆರನ್ನೂ ಅಂಟಿಸಿ ಮತ್ತೆ ಒಂದು ಮಾಡುತ್ತೀಯ. ಅದು ಮೊದಲೇ ಒಂದಾಗಿತ್ತಲ್ಲೋ?"

ವಿಡಿಯೋ ಕರೆಯಲ್ಲಿ ಅಪ್ಪ ಹೀಗೆ ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಪೆನ್ಸಿಲ್ವೇನಿಯಾದ ನಮ್ಮ ಮನೆಯ ನೆಲಮಾಳಿಗೆಯಲ್ಲಿ ರಾತ್ರಿ ಒಂಬತ್ತು ಗಂಟೆ. ಫೋನನ್ನು ವೈಸಿಗೆ, ಅಂದರೆ ವಸ್ತುಗಳನ್ನು ಬಿಗಿದು ಹಿಡಿಯುವ ಇಕ್ಕಳಕ್ಕೆ, ಒರಗಿಸಿ ನಿಲ್ಲಿಸಿದ್ದೆ. ಪಾದ ಮುಚ್ಚುವಷ್ಟು ಬಿದಿರಿನ ಸಿಪ್ಪೆ ನೆಲದ ಮೇಲೆ ಬಿದ್ದಿತ್ತು. ಅತ್ತ ಭದ್ರಾವತಿಯಲ್ಲಿ ಬೆಳಗಿನ ಆರೂವರೆ, ಅಪ್ಪನ ಕೈಯಲ್ಲಿ ಕಾಫಿ ಲೋಟ. ಅವರು ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಟರ್ನರ್ ಆಗಿ, ಲೇತ್ ಯಂತ್ರದಲ್ಲಿ ಲೋಹ ಕಡೆಯುತ್ತಿದ್ದವರು. ಲೇತಿನ ಮುಂದೆ ನಿಂತು ನಿಂತು ಎಡಗಾಲು ಸ್ವಲ್ಪ ಸೊಟ್ಟಗಾಗಿದೆ. ಯಾವುದೇ ವಸ್ತುವನ್ನು ಕೈಗೆ ಕೊಟ್ಟರೂ ಮೊದಲು ಅದರ ದಪ್ಪವನ್ನು ಹೆಬ್ಬೆರಳಿನಿಂದ ಅಳೆಯುತ್ತಾರೆ. ನಾನು ಈ ದೇಶಕ್ಕೆ ಬಂದ ಮೇಲೆ ನಮ್ಮಿಬ್ಬರ ಮಾತು ಊಟ, ಮಳೆ, ರಕ್ತದೊತ್ತಡದ ಮಾತ್ರೆ ಇಷ್ಟರಲ್ಲೇ ಮುಗಿಯುತ್ತಿತ್ತು. ಅಂದು ಮಾತ್ರ ಅವರು ಕಾಫಿ ಆರಿಹೋಗುವವರೆಗೂ ಪರದೆಯ ಮುಂದಿನಿಂದ ಏಳಲಿಲ್ಲ.

ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ನಾನು ಮೊದಲು ಹಿಡಿದ ಗಾಳದ ಕೋಲು ಸೀಳಿದ್ದೂ ಅಲ್ಲ, ಅಂಟಿಸಿದ್ದೂ ಅಲ್ಲ. ಕಾಗದದ ಕಾರ್ಖಾನೆಗೆ ಬಿದಿರು ತುಂಬಿಕೊಂಡು ಬರುತ್ತಿದ್ದ ಲಾರಿಗಳು ಏರಿನಲ್ಲಿ ನಿಧಾನವಾದಾಗ ಹಿಂದಿನಿಂದ ಒಂದು ಗಳವನ್ನು ಎಳೆದುಕೊಂಡು ಓಡುವುದು ನಮ್ಮ ಬೀದಿಯ ಹುಡುಗರ ಕಸುಬಾಗಿತ್ತು. ಹತ್ತು ಎಳೆದರೆ ಒಂದು ಸಣ್ಣ ಗಳ ಸಿಗುತ್ತಿತ್ತು. ಅದರ ತುದಿಗೆ ದಾರ, ದಾರಕ್ಕೆ ಬೆಂಡು, ಕೊಕ್ಕೆಗೆ ಎರೆಹುಳು. ಭದ್ರಾ ನದಿಯ ದಡದಲ್ಲಿ ಇಡೀ ಭಾನುವಾರ ಕೂತರೆ ಬೆರಳುದ್ದದ ನಾಲ್ಕು ಮೀನು. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು, ಲಾರಿಗಳೂ ಇಲ್ಲ. ಆ ಕೋಲಿನಲ್ಲಿ ಕೊರತೆ ಏನಾದರೂ ಇತ್ತೇ ಎಂದು ಕೇಳಿದರೆ, ಆ ಕೆಲಸಕ್ಕೆ ಏನೂ ಇರಲಿಲ್ಲ.

ಇಲ್ಲಿನ ಕೆಲಸ ಬೇರೆ. ಟ್ರೌಟ್ ಮೀನಿಗೆ ಇಲ್ಲಿನವರು ಹಾಕುವ ಗಾಳದಲ್ಲಿ ಎರೆಹುಳು ಇರುವುದಿಲ್ಲ. ಸಣ್ಣ ಕೊಕ್ಕೆಗೆ ಹಕ್ಕಿಯ ಗರಿ, ರೇಷ್ಮೆ ದಾರ ಸುತ್ತಿ ನೊಣದಂತೆ ಕಾಣುವ ಒಂದು ಆಟಿಕೆ ಮಾಡುತ್ತಾರೆ. ಅದಕ್ಕೆ ತೂಕವೇ ಇಲ್ಲ, ಎಸೆದರೆ ಮೂಗಿನ ಮುಂದೆಯೇ ಬೀಳುತ್ತದೆ. ಹಾಗಾಗಿ ಎಸೆಯಬೇಕಾದದ್ದು ನೊಣವನ್ನಲ್ಲ, ದಾರವನ್ನು. ದಾರವೇ ದಪ್ಪ, ದಾರಕ್ಕೇ ತೂಕ. ಕೋಲು ಹಿಂದಕ್ಕೆ ಬಾಗಿ, ಆ ದಾರದ ಭಾರವನ್ನು ಹೊತ್ತು, ಮುಂದಕ್ಕೆ ನೆಟ್ಟಗಾಗುತ್ತಾ ಅದನ್ನು ಹೊಳೆಯ ಮೇಲೆ ಉರುಳಿಸಿ ಬಿಡಬೇಕು. ಎಲ್ಲಿ ಎಷ್ಟು ಬಾಗಬೇಕು ಎನ್ನುವುದನ್ನು ಮಾಡುವವನು ನಿರ್ಧರಿಸಬೇಕು. ಇಡೀ ಗಳದಲ್ಲಿ ಅದನ್ನು ಬಿದಿರು ನಿರ್ಧರಿಸಿ ಆಗಿರುತ್ತದೆ.

ಬಿದಿರನ್ನು ಅಡ್ಡ ಕತ್ತರಿಸಿ ಕಣ್ಣಿನ ಹತ್ತಿರ ಹಿಡಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಹೊರಗಿನ ಸಿಪ್ಪೆಯ ಕೆಳಗೆ ನಾರಿನ ಚುಕ್ಕೆಗಳು ಸಾಸಿವೆ ಸುರಿದಂತೆ ಒತ್ತಾಗಿವೆ. ಒಳಗೆ ಹೋದಂತೆ ವಿರಳವಾಗಿ ಕೊನೆಗೆ ಬರೀ ಬೆಂಡು. ಶಕ್ತಿಯೆಲ್ಲ ಹೊರಮೈಯ ತೆಳುಪದರದಲ್ಲಿದೆ. ಆ ಪದರವನ್ನು ಉಳಿಸಿಕೊಂಡು, ಒಳಗಿನ ಬೆಂಡನ್ನು ಕೀಸಿ ತೆಗೆದು, ಪ್ರತಿ ದಬ್ಬೆಯನ್ನೂ ಮೂರು ಮೂಲೆಗೆ 60 ಡಿಗ್ರಿಯ ತ್ರಿಕೋನ ಮಾಡಿ, ಹೊರಮೈ ಹೊರಗೇ ಇರುವಂತೆ ಆರನ್ನು ಕೂಡಿಸಿದರೆ ಆರು ಮುಖದ ಕೋಲು. ಕೊಳವೆಯಂತಿದ್ದ ಬಿದಿರು ಪೆನ್ಸಿಲ್ಲಿನಷ್ಟು ಸಣ್ಣಗಾಗಿಯೂ ಹೊರಮೈಯನ್ನು ಕಳೆದುಕೊಳ್ಳುವುದಿಲ್ಲ. ಅಪ್ಪನಿಗೆ ಇದನ್ನು ಹೇಳಲು ನನಗೆ ಒಂದು ವಾರ ಬೇಕಾಯಿತು. ಅವರು "ಹ್ಞೂಂ" ಎಂದರು. ಟರ್ನರ್ ಒಬ್ಬನ ಬಾಯಲ್ಲಿ ಅದು ಸಣ್ಣ ಮೆಚ್ಚುಗೆಯಲ್ಲ.

ಈ ಹುಚ್ಚು ನನಗೆ ಹತ್ತಿದ್ದಕ್ಕೆ ಇಲ್ಲಿನ ಊರಿನ ಪ್ರಭಾವವೂ ಇರಬಹುದು. ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿ ಈಸ್ಟನ್ ಎಂಬ ಊರಿದೆ. ನಮ್ಮ ಕೂಡ್ಲಿಯಲ್ಲಿ ತುಂಗೆ ಭದ್ರೆಯರು ಸೇರುವ ಹಾಗೆ ಅಲ್ಲಿ ಲೀಹೈ ನದಿ ಡೆಲವೇರ್ ನದಿಯನ್ನು ಸೇರುತ್ತದೆ. 1840ರ ದಶಕದಲ್ಲಿ ಅಲ್ಲಿ ಸ್ಯಾಮ್ಯುಯೆಲ್ ಫಿಲಿಪ್ಪಿ ಎಂಬ ಬಂದೂಕು ತಯಾರಕನಿದ್ದ. ಪಿಟೀಲನ್ನೂ ಮಾಡುತ್ತಿದ್ದ. ಅಮೆರಿಕದಲ್ಲಿ ಬಿದಿರು ಸೀಳಿ ಅಂಟಿಸಿ ಗಾಳದ ಕೋಲು ಮಾಡಿದವರಲ್ಲಿ ಮೊದಲಿಗನೆಂದು ಅವನ ಹೆಸರನ್ನೇ ಹೇಳುತ್ತಾರೆ. ತೆಳ್ಳನೆಯ ಹಲಗೆ ಅಂಟಿಸುವುದು ಪಿಟೀಲಿನಿಂದ ಬಂತು, ಕೋಲಿನ ತುಂಡುಗಳನ್ನು ಸೇರಿಸುವ ಲೋಹದ ಕೂಡುಕೊಳವೆ ಬಂದೂಕಿನಿಂದ ಬಂತು ಎಂದು ನಾನು ನನ್ನಷ್ಟಕ್ಕೆ ಕಲ್ಪಿಸಿಕೊಂಡಿದ್ದೇನೆ. ಮುಂದೆ ಮೇನ್ ರಾಜ್ಯದ ಹೈರಮ್ ಲೆನರ್ಡ್ ದಬ್ಬೆಗಳ ಅಂಚು ಕೊರೆಯುವ ಯಂತ್ರ ಮಾಡಿದ ಮೇಲೆ ಆರು ದಬ್ಬೆಯ ಕೋಲು ಅಂಗಡಿಯ ಸರಕಾಯಿತು.

ನನಗೆ ರೋಚಕವೆನಿಸಿದ್ದು ಬಿದಿರಿನ ಸಂಗತಿ. ಆ ಹಳೆಯ ಕೋಲುಗಳೆಲ್ಲ ನಮ್ಮ ದೇಶದ ಬಿದಿರಿನವು. ಕಲ್ಕತ್ತಾ ಬಂದರಿನಿಂದ ಹಡಗು ಹತ್ತಿ ಬರುತ್ತಿದ್ದುದರಿಂದ ಇಲ್ಲಿ ಅದಕ್ಕೆ ಕಲ್ಕತ್ತಾ ಕೇನ್ ಎಂದೇ ಹೆಸರು. ಒಳಗೆ ಟೊಳ್ಳು ಕಡಿಮೆ ಇರುವ, ಲಾಠಿಗೆ ಬಳಸುವ ಗಟ್ಟಿಬಿದಿರು ಅದು. ನಮ್ಮಲ್ಲಿ ಗಂಡುಬಿದಿರು ಎನ್ನುವುದೂ ಅದನ್ನೇ. ನಮ್ಮ ಲಾರಿಗಳಲ್ಲಿಯೂ ಅದು ಇದ್ದೇ ಇರಬೇಕು. ಆ ಗಳಗಳ ಮೈಮೇಲೆ ಅಲ್ಲಲ್ಲಿ ಸುಟ್ಟ ಕಲೆಗಳು ಇರುತ್ತಿದ್ದವು. ಅದಕ್ಕೆ ಇಲ್ಲಿನ ಹಳಬರು ಹೇಳುತ್ತಿದ್ದ ಕಾರಣಗಳಲ್ಲಿ ಒಂದು, ಅದು ಹಿಂದೂಗಳ ಯಾವುದೋ ಧಾರ್ಮಿಕ ವಿಧಿ ಎಂದು. ಓದಿ ಒಬ್ಬನೇ ನಕ್ಕೆ. ಸೊಟ್ಟ ಬಿದಿರನ್ನು ಬೆಂಕಿಗೆ ಹಿಡಿದು, ಬಿಸಿ ಇರುವಾಗಲೇ ಮರದ ಸಂದಿಗೆ ಸಿಕ್ಕಿಸಿ ನೆಟ್ಟಗೆ ಮಾಡುವುದನ್ನು ನೋಡದ ಹಳ್ಳಿ ನಮ್ಮಲ್ಲಿ ಯಾವುದಿದೆ? ನನ್ನ ಮಟ್ಟಿಗೆ ಅದು ಕಸುಬಿನ ಕಲೆ, ಪೂಜೆಯ ಕಲೆಯಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಕಟ್ಟಿದವರು ಬಿದಿರಿಗೆ ಬೆಂಕಿ ತೋರಿಸಿ ನೋಡಿರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಲ್ಕತ್ತಾ ಬಿದಿರಿನ ಜಾಗಕ್ಕೆ ಚೀನಾದ ಬಿದಿರು ಬಂತು. ಟಾಂಕಿನ್ ಎಂದು ಅದರ ವ್ಯಾಪಾರದ ಹೆಸರು. ಟಾಂಕಿನ್ ಇರುವುದು ವಿಯೆಟ್ನಾಮಿನಲ್ಲಿ, ಈ ಬಿದಿರು ಬೆಳೆಯುವುದು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಬೆಟ್ಟಗಳಲ್ಲಿ. ಅದೇ ಪ್ರಾಂತದ ಕ್ಯಾಂಟನ್ನಿನಲ್ಲಿ ಪಾಠ ಹೇಳುತ್ತಿದ್ದ ಅಮೆರಿಕದ ಸಸ್ಯಶಾಸ್ತ್ರಜ್ಞ ಮೆಕ್ಲೂರ್ 1931ರಲ್ಲಿ ಇದಕ್ಕೆ ಅಮಾಬಿಲಿಸ್ ಎಂದು ಹೆಸರಿಟ್ಟ, ಅಂದರೆ ಪ್ರೀತಿಗೆ ತಕ್ಕದ್ದು. ಗಿಣ್ಣುಗಳು ದೂರದೂರ, ನಾರು ನೇರ, ಹನ್ನೆರಡು ಅಡಿ ಉದ್ದಕ್ಕೂ ಹೆಚ್ಚು ಸಣ್ಣಗಾಗದ ಗಳ. ನನ್ನ ನೆಲಮಾಳಿಗೆಗೆ ಬಂದದ್ದೂ ಇದೇ.

ಗಳ ಬಂದ ದಿನವೇ ಸೀಳಲು ಕೂತೆ. ಗರಗಸದಲ್ಲಿ ಕೊಯ್ದರೆ ದಬ್ಬೆ ನೆಟ್ಟಗೆ ಬರುತ್ತದೆ, ಆದರೆ ಗರಗಸ ನಾರನ್ನು ಅಲ್ಲಲ್ಲಿ ತುಂಡರಿಸಿಕೊಂಡು ಹೋಗುತ್ತದೆ. ಸೀಳಿದರೆ ನಾರು ಹೋದ ದಾರಿಯಲ್ಲೇ ದಬ್ಬೆ ಬರುತ್ತದೆ. ಸ್ವಲ್ಪ ಡೊಂಕಾಗಿರಬಹುದು, ಅದನ್ನು ಆಮೇಲೆ ಬಿಸಿ ಮಾಡಿ ತಿದ್ದಬಹುದು. ನನ್ನ ಕತ್ತಿ ಮಾತ್ರ ಎರಡು ಅಡಿ ಹೋಗುವಷ್ಟರಲ್ಲಿ ಒಂದು ಕಡೆಗೆ ಜಾರುತ್ತಿತ್ತು. ಒಂದು ದಬ್ಬೆ ಗೋಣಿಸೂಜಿಯಂತಾದರೆ ಪಕ್ಕದ್ದು ದೊಣ್ಣೆ. ಕೈ ತುಂಬ ಗಾಯ. ಸೀಳಿದ ಬಿದಿರಿನ ಅಂಚು ಕ್ಷೌರದ ಬ್ಲೇಡಿಗೆ ಕಡಿಮೆಯಿಲ್ಲ.

ಇದನ್ನು ಅಪ್ಪನ ಮುಂದೆ ಗೊಣಗಿದ್ದೆ ಅಷ್ಟೆ. ಮರುವಾರ ಅವರೇ ಕರೆ ಮಾಡಿದರು. "ಸಂತೆಯಲ್ಲಿ ಮೊರ, ಬುಟ್ಟಿ ಮಾರುವ ಮೇದರ ಅಜ್ಜಿಯನ್ನು ಕೇಳಿದೆ. ಸೀಳು ಎಡಕ್ಕೆ ಹೋಗಿ ಆ ಕಡೆ ಸಣ್ಣಗಾದರೆ, ಕತ್ತಿಯನ್ನು ಒತ್ತಬೇಡವಂತೆ. ದಪ್ಪಗಿರುವ ಬಲಗಡೆಯನ್ನು ಹೊರಕ್ಕೆ ಬಗ್ಗಿಸಬೇಕಂತೆ. ಸೀಳು ತಾನಾಗಿ ದಪ್ಪದ ಕಡೆಗೆ ತಿರುಗುತ್ತದಂತೆ." ಎಪ್ಪತ್ತಾರು ವರ್ಷದ ಅಪ್ಪ ಇದಕ್ಕಾಗಿಯೇ ಸಂತೆಗೆ ಹೋಗಿದ್ದರೋ, ತರಕಾರಿಗೆ ಹೋದವರು ಕೇಳಿದರೋ, ನಾನು ವಿಚಾರಿಸಲಿಲ್ಲ. ನಾನು ಕೊಂಡ ಎರಡು ಕೈಪಿಡಿಗಳಲ್ಲೂ ಈ ಮಾತು ಇತ್ತು. ಆದರೆ ಅದು ಅರ್ಥವಾದದ್ದು ಚಿಕ್ಕಂದಿನ ಒಂದು ಚಿತ್ರ ಕಣ್ಣ ಮುಂದೆ ಬಂದಾಗ. ಅಂಥ ಅಜ್ಜಿಯರು ದಬ್ಬೆಯ ಒಂದು ಸೀಳನ್ನು ಕಾಲ ಹೆಬ್ಬೆರಳಲ್ಲಿ ಹಿಡಿದು, ಇನ್ನೊಂದನ್ನು ಮೊಣಕಾಲಿಗೆ ಒತ್ತಿಕೊಂಡು, ಪಕ್ಕದವರ ಜೊತೆ ಮಾತಾಡುತ್ತಾ ಸೀಳುತ್ತಿದ್ದರು. ಕತ್ತಿಗೆ ಹೆಚ್ಚು ಕೆಲಸವೇ ಇರಲಿಲ್ಲ. ಕೆಲಸವೆಲ್ಲ ಮೊಣಕಾಲಿನದು.

ಸೀಳುವುದು ಒಂದು ಸಂಜೆಯ ಕೆಲಸವಾದರೆ ಗಿಣ್ಣು ಮೂರು ವಾರದ್ದು. ಗಿಣ್ಣಿನಲ್ಲಿ ನಾರು ಅಡ್ಡಾದಿಡ್ಡಿ, ಕೋಲು ಮುರಿಯುವುದೂ ಅಲ್ಲೇ. ಆದ್ದರಿಂದ ಆರು ದಬ್ಬೆಗಳ ಗಿಣ್ಣುಗಳು ಒಂದೇ ಜಾಗಕ್ಕೆ ಬರದಂತೆ ಹಿಂದೆಮುಂದೆ ಸರಿಸಿ ಜೋಡಿಸಬೇಕು. ಪ್ರತಿ ಗಿಣ್ಣಿನ ಉಬ್ಬನ್ನು ಅರದಿಂದ ಸವರಿ, ಬಿಸಿಗಾಳಿಯ ಗನ್ ಹಿಡಿದು, ಮೆತ್ತಗಾದ ಕ್ಷಣದಲ್ಲಿ ವೈಸಿಗೆ ಕೊಟ್ಟು ಒತ್ತಬೇಕು. ಆ ಕ್ಷಣ ಬಲು ಚಿಕ್ಕದು. ತಡವಾದರೆ ನಾರು ಕರಟುತ್ತದೆ, ಅವಸರಪಟ್ಟರೆ ಟಪ್ಪೆಂದು ಸೀಳುತ್ತದೆ. ಆಮೇಲೆ ದಬ್ಬೆಗಳನ್ನೆಲ್ಲ ಕಟ್ಟಿ, ತಗಡಿನ ಕೊಳವೆಯಲ್ಲಿ ನಾನೇ ಮಾಡಿದ ಒಲೆಯಲ್ಲಿ ಸುಮಾರು 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದವಾಗಿ ಹುರಿಯಬೇಕು. ಉಳಿದ ತೇವ ಹೋಗಿ ಬಿದಿರು ಬಿರುಸಾಗುತ್ತದೆ. ಮನೆಯೆಲ್ಲ ಹುರಿದ ಧಾನ್ಯದ ವಾಸನೆ. ಮೊದಲ ಸಲ ಹೆಂಡತಿ ಮೇಲಿನಿಂದ ಕೂಗಿ, "ಅವಲಕ್ಕಿ ಹುರಿಯುತ್ತಿದ್ದೀರಾ?" ಎಂದು ಕೇಳಿದಳು. ಈಗ ಕೇಳುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತಾಳೆ.

ಇನ್ನು ಅಚ್ಚಿನ ಕಥೆ. ಇದಿಲ್ಲದೆ ಕೋಲು ಇಲ್ಲ, ಮತ್ತು ಅಪ್ಪ ನಿಜವಾಗಿ ಈ ಕೆಲಸಕ್ಕೆ ಇಳಿದದ್ದು ಇಲ್ಲಿಂದ. ಆರು ಅಡಿ ಉದ್ದದ, ಮುಕ್ಕಾಲು ಅಂಗುಲದ ಎರಡು ಚೌಕ ಉಕ್ಕಿನ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಅವುಗಳ ಸೇರುವ ಅಂಚಿನಲ್ಲಿ 60 ಡಿಗ್ರಿಯ ಕಾಲುವೆ ಕೊರೆಯಬೇಕು. ಪ್ರತಿ ಐದು ಅಂಗುಲಕ್ಕೆ ಜೋಡಿ ಬೋಲ್ಟು, ಒಂದು ಪಟ್ಟಿಗಳನ್ನು ಹತ್ತಿರ ಎಳೆಯಲು, ಇನ್ನೊಂದು ದೂರ ತಳ್ಳಲು. ಎರಡನ್ನೂ ತಿರುಗಿಸುತ್ತಾ ಕಾಲುವೆಯ ಆಳವನ್ನು ಬೇಕಾದಲ್ಲಿ ಬೇಕಾದಷ್ಟು ಇಡಬಹುದು. ದಬ್ಬೆಯನ್ನು ಕಾಲುವೆಯಲ್ಲಿ ಮಲಗಿಸಿ, ಉಜ್ಜುಗೊರಡು ಉಕ್ಕನ್ನು ಮುಟ್ಟುವವರೆಗೆ ಕೀಸಿದರೆ, ದಬ್ಬೆ ಬುಡದಿಂದ ತುದಿಗೆ ನೀವು ಹೇಳಿದಂತೆಯೇ ಸಣ್ಣಗಾಗಿರುತ್ತದೆ. ಇಂಥ ಅಚ್ಚು ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ನೋಡಿ ನಾನೇ ಮಾಡುತ್ತೇನೆ ಎಂದು ಹೊರಟೆ.

"ಅರ ಹಿಡಿಯುವ ಮೊದಲು ಸೀಮೆಸುಣ್ಣ ತಿಕ್ಕು" ಎಂದರು ಅಪ್ಪ. ಅರದ ಹಲ್ಲಿಗೆ ಸೀಮೆಸುಣ್ಣ ತುಂಬಿದರೆ ಕಬ್ಬಿಣದ ಪುಡಿ ಸಿಕ್ಕಿಕೊಳ್ಳುವುದಿಲ್ಲ, ಗೀರು ಬೀಳುವುದಿಲ್ಲ. ಎರಡೂ ಪಟ್ಟಿಗಳನ್ನು ಜೊತೆಗೆ ಬಿಗಿದೇ ತೂತು ಕೊರೆ, ಬೇರೆಬೇರೆ ಕೊರೆದರೆ ಜನ್ಮದಲ್ಲಿ ಕೂಡುವುದಿಲ್ಲ ಎಂದರು. ಕೋನ ಹೇಗೆ ಅಳೆಯುವುದು ಎಂದು ನಾನು ಕೇಳಿದ್ದಕ್ಕೆ, ಎದ್ದು ಒಳಗೆ ಹೋಗಿ ಒಂದು ಹಳೆಯ ಜ್ಯಾಮಿಟ್ರಿ ಡಬ್ಬಿ ತಂದರು. ಒಳಗೆ ಅರಿಶಿನ ಬಣ್ಣದ ಬಟ್ಟೆ, ಬಟ್ಟೆಯೊಳಗೆ ಸೆಂಟರ್ ಗೇಜ್. ಲೇತಿನಲ್ಲಿ ಸ್ಕ್ರೂ ಥ್ರೆಡ್ ಕೊರೆಯುವಾಗ ಉಳಿಯ ಮೊನೆಯನ್ನು ಸರಿನೋಡುವ ಚಪ್ಪಟೆ ಉಕ್ಕಿನ ತುಂಡು ಅದು. "ಇದರ ಸಂದಿ ಅರವತ್ತೇ ಡಿಗ್ರಿ. ಲೇತಿನ ಸೆಂಟರ್ ಮೊನೆಯೂ ಅರವತ್ತು. ನಿನ್ನ ಬಿದಿರೂ ಅರವತ್ತು ಅನ್ನುತ್ತೀಯ." ಗೇಜಿನ ಒಂದು ತುದಿ ಮೀನಿನ ಬಾಲದಂತೆ ಕವಲೊಡೆದಿರುತ್ತದೆ, ಇಂಗ್ಲಿಷ್ ಮಾತಾಡುವ ಟರ್ನರ್‌ಗಳು ಅದನ್ನು ಮೀನುಬಾಲ ಎಂದೇ ಕರೆಯುತ್ತಾರೆ. ಇದನ್ನು ಹೇಳಿದಾಗ ಅಪ್ಪ ನಕ್ಕರು. ನಂತರ ಊರಿಗೆ ಹೋಗಿಬಂದ ಗೆಳೆಯನ ಕೈಯಲ್ಲಿ, ಎರಡು ಕಿಲೋ ಹಪ್ಪಳದ ನಡುವೆ, ಆ ಗೇಜ್ ನನಗೆ ತಲುಪಿತು.

ನಲವತ್ತು ಸಂಜೆಗಳು ಅರ ಹಿಡಿದೆ. ಅಚ್ಚು ಮುಗಿದಾಗ ಕಾಲುವೆ ಎಲ್ಲ ಕಡೆ 2 ಥೌ ಒಳಗೆ ಬಂದಿತ್ತು. ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು. ನಮ್ಮ ಮನೆಯಲ್ಲಿ ಅದು ಉಪ್ಪು, ಬೇಳೆಯಷ್ಟೇ ಬಳಕೆಯ ಮಾತಾಗಿತ್ತು. "ನಿನ್ನ ಅಂಕ 2 ಥೌ ಕಡಿಮೆ ಬಂದಿದೆ" ಎಂದು ನನ್ನ ಅಂಕಪಟ್ಟಿ ನೋಡಿ ಹೇಳಿದ ತಂದೆ ಅವರು. ಬಿದಿರಿಗೆ ಇಷ್ಟು ಸೂಕ್ಷ್ಮ ಯಾಕೆ ಎಂದು ಅವರೇ ಕೇಳಿದರು, ಮತ್ತು ಈ ಸಲ ನನ್ನ ಬಳಿ ಉತ್ತರ ಸಿದ್ಧವಿತ್ತು. ಕೋಲಿನ ಬಿಗಿತ ಅದರ ದಪ್ಪದ ನಾಲ್ಕನೆಯ ಘಾತಕ್ಕೆ ಏರುತ್ತದೆ. ಕೋಲಿನ ತುದಿಯ ದಪ್ಪ 70 ಥೌ. ಅಲ್ಲಿ 2 ಥೌ ಹೆಚ್ಚಾದರೆ ದಪ್ಪ ಶೇ 3ರಷ್ಟು ಏರಿತು, ಬಿಗಿತ ಶೇ 12ರಷ್ಟು ಏರಿತು. ಎಸೆಯುವ ಕೈಗೆ ಅದು ಗೊತ್ತಾಗುತ್ತದೆ. ಎವರೆಟ್ ಗ್ಯಾರಿಸನ್ ಎಂಬ ನ್ಯೂಯಾರ್ಕ್ ಕಡೆಯ ಎಂಜಿನಿಯರ್, ಕೋಲಿನ ಯಾವ ಭಾಗಕ್ಕೆ ಎಷ್ಟು ಒತ್ತಡ ಬೀಳುತ್ತದೆ ಎಂದು ಸೇತುವೆಗೆ ಲೆಕ್ಕ ಹಾಕಿದಂತೆ ಲೆಕ್ಕ ಹಾಕಿ ದಪ್ಪಗಳನ್ನು ನಿಗದಿ ಮಾಡುತ್ತಿದ್ದ. ಮನೆಯಲ್ಲಿ ಕೋಲು ಮಾಡುವವರಲ್ಲಿ ಎಂಜಿನಿಯರುಗಳ ಕಾಟ ಅಂದಿನಿಂದಲೂ ಇದೆ. 1952ರಲ್ಲಿ ಇಂಗ್ಲೆಂಡಿನ ರೆಡ್‌ಮೈರ್ ಕೊಳದಲ್ಲಿ 44 ಪೌಂಡಿನ ಕಾರ್ಪ್ ಮೀನು ಹಿಡಿದು ದಾಖಲೆ ಮಾಡಿದ ರಿಚರ್ಡ್ ವಾಕರ್ ಕೂಡ ಎಂಜಿನಿಯರೇ, ಹಿಡಿದದ್ದೂ ತಾನೇ ಮಾಡಿದ ಬಿದಿರಿನ ಕೋಲಿನಲ್ಲಿ.

ಕೀಸುವುದನ್ನು ವರ್ಣಿಸಲು ಹೆಚ್ಚೇನಿಲ್ಲ, ಮಾಡಲು ಬೇಕಾದಷ್ಟಿದೆ. ಎರಡು ತುಂಡಿನ ಏಳೂವರೆ ಅಡಿಯ ಕೋಲು, ಜೊತೆಗೆ ವಾಡಿಕೆಯಂತೆ ಒಂದು ಹೆಚ್ಚಿನ ತುದಿ, ಒಟ್ಟು ಹದಿನೆಂಟು ದಬ್ಬೆ. ಬಿದಿರಿನ ಮೈಯಲ್ಲಿ ಸಿಲಿಕಾ ಇದೆ, ಅಲಗು ಬಲು ಬೇಗ ಮೊಂಡಾಗುತ್ತದೆ. ಅಜ್ಜಿ ಮಕ್ಕಳ ಕೆಮ್ಮಿಗೆ ಜೇನಿನಲ್ಲಿ ತೇದು ಕೊಡುತ್ತಿದ್ದ ವಂಶಲೋಚನ ಇದೇ ಸಿಲಿಕಾ ಎಂದು ಗೊತ್ತಾದದ್ದು ಈಗ, ದಿನಕ್ಕೆ ಹತ್ತು ಸಲ ಅಲಗು ಮಸೆಯುತ್ತಾ. ಒಂದೇ ನಿಯಮ, ಹೊರಮೈಗೆ ಅಲಗು ತಾಕಿಸಬಾರದು. ಒಳಗಿನ ಎರಡು ಮುಖಗಳನ್ನು ಮಾತ್ರ ಕೀಸಬೇಕು. ಹನ್ನೊಂದನೆಯ ದಬ್ಬೆಯನ್ನು, ಮಧ್ಯರಾತ್ರಿ, ಕಚೇರಿಯ ಯಾವುದೋ ಜಗಳವನ್ನು ತಲೆಯಲ್ಲಿ ಇಟ್ಟುಕೊಂಡು ಕೀಸುತ್ತಿದ್ದವನು, ಸಿಪ್ಪೆ ಯಾಕೆ ಇಷ್ಟು ಹೊಳೆಯುತ್ತಿದೆ ಎಂದು ನೋಡಿದರೆ ದಬ್ಬೆ ಮಗುಚಿಕೊಂಡಿತ್ತು. ಇಡೀ ಹೊರಮೈ ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಉಳಿದದ್ದು ಅಗರಬತ್ತಿಯ ಕಡ್ಡಿಗೂ ಆಗದ ಬೆಂಡು.

ಅಂಟಿನ ವಿಷಯಕ್ಕೆ ಅಪ್ಪ, "ಫೆವಿಕಾಲ್ ಆಗುವುದಿಲ್ಲವೇನೋ?" ಎಂದರು. ಬಿಳಿ ಅಂಟುಗಳು ಕುರ್ಚಿ ಮೇಜಿಗೆ ಚೆನ್ನ, ಆದರೆ ಸದಾ ಬಾಗುವ ಕಡೆ ನಿಧಾನವಾಗಿ ಜಾರುತ್ತವೆ, ಬಾಗಿದ ಕೋಲು ಬಾಗಿಯೇ ಉಳಿಯುತ್ತದೆ. ಹಿಂದಿನವರು ಪ್ರಾಣಿಗಳ ಚರ್ಮದ ಅಂಟು ಹಾಕುತ್ತಿದ್ದರು. ಅದು ನೀರು ತಾಗಿದರೆ ಬಿಡುತ್ತಿತ್ತು, ಅದಕ್ಕೇ ಹಳೆಯ ಕೋಲುಗಳ ಮೈತುಂಬ ಅಂಗುಲಕ್ಕೊಂದು ದಾರದ ಪಟ್ಟಿ ಸುತ್ತಿರುತ್ತದೆ. ಅಲಂಕಾರವೆಂದು ನಾನು ತಿಳಿದದ್ದು ಭಯ. ನಾನು ಎಪಾಕ್ಸಿ ಹಚ್ಚಿದೆ. ಆಗಸ್ಟಿನ ಸೆಕೆಯ ಸಂಜೆ, ಅಂಟು ಬೇಗ ಬಿಗಿಯುತ್ತದೆ ಎಂಬ ಅರಿವಿಲ್ಲದೆ, ಆರು ದಬ್ಬೆಗಳನ್ನು ಸೇರಿಸಿ, ದಾರವನ್ನು ಒಂದು ಕಡೆಗಷ್ಟೇ ಸುತ್ತಿ ಚಹಾ ಕುಡಿಯಲು ಹೋದೆ. ಎದುರು ದಿಕ್ಕಿನಲ್ಲಿ ಇನ್ನೊಂದು ಸುತ್ತು ಹಾಕದಿದ್ದರೆ ಕೋಲು ತಿರುಚುತ್ತದೆ. ಬಂದು ನೋಡಿದಾಗ ಚಕ್ಕುಲಿಯ ಹಿಟ್ಟು ಹಿಂಡಿದಂತೆ ತಿರುಚಿಕೊಂಡು ಕಲ್ಲಾಗಿತ್ತು. ಆ ಕೋಲು ಈಗ ನಮ್ಮ ಟೊಮೆಟೊ ಗಿಡಕ್ಕೆ ಆಧಾರ. ಊರಿನಲ್ಲೇ ಅತ್ಯಂತ ದುಬಾರಿ ಟೊಮೆಟೊ ನಮ್ಮದು.

1950ರಲ್ಲಿ ಅಮೆರಿಕ ಚೀನಾದ ಸರಕನ್ನು ತಡೆದಾಗ ಟಾಂಕಿನ್ ಬರುವುದು ನಿಂತಿತು. ಆ ಹೊತ್ತಿಗೆ ಗಾಜಿನ ನಾರಿನ ಕೋಲು ಬಂದಿತ್ತು, 1970ರ ದಶಕದಲ್ಲಿ ಕಾರ್ಬನ್ ಬಂತು. ಹಗುರ, ಅಗ್ಗ, ಮಳೆಗೆ ಜಗ್ಗದು. ಬಿದಿರಿನದೇ ಹೆಚ್ಚು ಎಂದು ವಾದಿಸುವವರ ಜೊತೆ ನಾನು ನಿಲ್ಲುವುದಿಲ್ಲ. ನನ್ನ ಕಾರ್ಬನ್ ಕೋಲು ನನ್ನ ಬಿದಿರಿನ ಕೋಲಿಗಿಂತ ದೂರ ಎಸೆಯುತ್ತದೆ.

ಎರಡನೆಯ ಪ್ರಯತ್ನದ ಕೋಲು ನೆಟ್ಟಗೆ ಬಂತು. ಹಿಡಿಗೆ ಕಾರ್ಕ್, ದಾರ ಹಾಯಲು ಉಂಗುರ, ಉಂಗುರದ ಕಾಲಿಗೆ ರೇಷ್ಮೆಯ ಸುತ್ತು, ಮೂರು ಸಲ ವಾರ್ನಿಷ್. ಏಪ್ರಿಲ್‌ನಲ್ಲಿ ಬುಷ್‌ಕಿಲ್ ಹೊಳೆಯಲ್ಲಿ ಅಂಗೈ ಅಗಲದ ಟ್ರೌಟ್ ಒಂದು ಹತ್ತಿತು. ಕೋಲಿನ ತುದಿಯಿಂದ ಹಿಡಿಯ ಕಾರ್ಕಿನವರೆಗೆ ಅದರ ಒದ್ದಾಟ ಇಳಿದುಬಂತು. ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ಅಪ್ಪನಿಗೆ ಫೋಟೊ ಕಳಿಸಿದರೆ, "ಹಿಡಿದು ಬಿಟ್ಟೆಯಾ? ಸೀಳಿ ಅಂಟಿಸುವುದು, ಹಿಡಿದು ಬಿಡುವುದು. ನಿನ್ನ ಲೆಕ್ಕದಲ್ಲಿ ಕೊನೆಗೆ ಏನು ಉಳಿಯುತ್ತದೋ ನನಗಂತೂ ತಿಳಿಯುವುದಿಲ್ಲ" ಎಂದರು.

ಕಳೆದ ಡಿಸೆಂಬರಿನಲ್ಲಿ ಕೋಲನ್ನು ಊರಿಗೆ ಒಯ್ದೆ. ಮೊದಲು ಹೋದದ್ದು ಸಂತೆಗೆ. ಮೇದರ ಅಜ್ಜಿ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಕನ್ನಡಕವಿಲ್ಲದೆ, ಹೆಬ್ಬೆರಳ ಉಗುರನ್ನು ಬುಡದಿಂದ ತುದಿಯವರೆಗೆ ಹರಿಸಿದರು. "ಗಿಣ್ಣೆಲ್ಲ ಎಲ್ಲಿ ಅಡಗಿಸಿದ್ದೀಯ ತಮ್ಮಾ?" ಎಂದರು. ಹಾಗೆಂದವರೇ ಒಂದೊಂದನ್ನೂ ಹುಡುಕಿ ತೋರಿಸಿದರು, ನಾನು ವಾರ್ನಿಷ್ ಅಡಿಯಲ್ಲಿ ಮುಚ್ಚಿಟ್ಟಿದ್ದ ಒಂದು ಸಣ್ಣ ಬಿರುಕನ್ನೂ ಸೇರಿಸಿ. ಇದು ನಮ್ಮ ಕಾಡಿನ ಬಿದಿರಲ್ಲ ಎಂದರು. ಮಾಡಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದರು. ಎಂಟು ತಿಂಗಳು ಎಂದೆ. ಅಜ್ಜಿ ಕೋಲನ್ನು ಹಿಂದಕ್ಕೆ ಕೊಟ್ಟು, ಅರ್ಧ ಹೆಣೆದಿದ್ದ ಬುಟ್ಟಿಯನ್ನು ಎತ್ತಿಕೊಂಡರು. "ಬುಟ್ಟಿಗೆ ನಾನು ಹೀಗೆ ಕೀಸುತ್ತಾ ಕೂತರೆ ಹೊಟ್ಟೆಗೆ ಏನು ಮಾಡಲಿ?"

ರಾತ್ರಿ ಊಟವಾದ ಮೇಲೆ ಅಪ್ಪ ಮೇಜಿನ ಮೇಲೆ ಸುದ್ದಿಪತ್ರಿಕೆ ಹಾಸಿ, ಮೈಕ್ರೋಮೀಟರ್ ತೆಗೆದರು. ಕೈ ಈಗ ನಡುಗುತ್ತದೆ, ಮೈಕ್ರೋಮೀಟರ್ ಹಿಡಿದಾಗ ಮಾತ್ರ ಕಡಿಮೆ. ಐದೈದು ಅಂಗುಲಕ್ಕೆ ಪೆನ್ಸಿಲ್ ಗುರುತು ಹಾಕಿ, ಪ್ರತಿ ಗುರುತಿನಲ್ಲಿ ಮೂರು ಕಡೆಯಿಂದಲೂ ಅಳೆದು, ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡರು. ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ. ಅಮ್ಮ ಎರಡು ಸಲ ಬಂದು ದೀಪ ಆರಿಸಬಹುದೇ ಎಂದು ಕೇಳಿ ಹೋದರು. ಕೊನೆಗೆ ಅಪ್ಪ ಕನ್ನಡಕ ತೆಗೆದು, ತುದಿಯಿಂದ ನಾಲ್ಕನೆಯ ಗುರುತಿನ ಮೇಲೆ ಬೆರಳಿಟ್ಟರು.

"ಇಲ್ಲಿ 3 ಥೌ ಹೆಚ್ಚಿದೆ."

"ಗೊತ್ತು ಅಪ್ಪ. ಅಲ್ಲಿ ಅಚ್ಚಿನ ಬೋಲ್ಟು ಸಡಿಲವಾಗಿತ್ತು. ಈಗ ಏನೂ ಮಾಡುವ ಹಾಗಿಲ್ಲ."

ಅವರು ಕ್ಯಾಲೆಂಡರಿನ ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಕೈಗೆ ಕೊಟ್ಟರು. "ಬೋಲ್ಟಿನ ಅಳತೆ ಹೇಳು. ನಾಳೆ ಒಂದು ಲಾಕ್‌ನಟ್ ಹುಡುಕೋಣ."